ವಾಸ್ಕೋ ಮಳೆಗೆ ಸತ್ತ ಕ್ಯಾಮೆರಾ: ಐದು ತಿಂಗಳ ರಿಪೇರಿ ಡೈರಿ

ಜೂನ್ 9, 2024, ಭಾನುವಾರ

ಗೇಟಿನ ಕ್ಯಾಮೆರಾ ರಾತ್ರಿ ಎರಡೂಕಾಲಿಗೆ ಹೋಯಿತು. ಬೆಳಿಗ್ಗೆ ಮೊಬೈಲ್ ತೆಗೆದು ನೋಡಿದರೆ ನಾಲ್ಕು ಚೌಕದಲ್ಲಿ ಒಂದು ಕಪ್ಪು. ಹಿತ್ತಲಿನ ಬಾವಿ ಕಡೆಯದು ಬದುಕಿತ್ತು, ಆದರೆ ಮಂಜು ಕವಿದ ಹಾಗೆ ಬೆಳ್ಳಗೆ.

ನಮ್ಮ ಮನೆ ಗೋವಾದ ವಾಸ್ಕೋದಲ್ಲಿ, ಬೈನಾ ಕಡೆಗೆ ಇಳಿಯುವ ಗುಡ್ಡದ ಮೇಲೆ. ಸಮುದ್ರ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಗಾಳಿ ಜೋರಾದ ದಿನ ಕಿಟಕಿ ಗಾಜಿನ ಮೇಲೆ ಬೆರಳು ಎಳೆದು ನಾಲಿಗೆಗೆ ಇಟ್ಟರೆ ಉಪ್ಪುಪ್ಪು. ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುತ್ತೇವೆ. ಹಗಲೆಲ್ಲ ಅಮ್ಮ ಒಬ್ಬರೇ. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಫೋನ್ ತೆಗೆದು, ಅಮ್ಮ ಗೇಟಿನ ಪಕ್ಕದ ಕಟ್ಟೆ ಮೇಲೆ ಕೂತಿರುವುದನ್ನು ನೋಡಿದರೆ ನನಗೆ ಸಮಾಧಾನ. ಕಳ್ಳರ ಭಯಕ್ಕಿಂತ ಜಾಸ್ತಿ ಅದಕ್ಕೇ ಆ ಕ್ಯಾಮೆರಾ ಬೇಕು.

ನಾಲ್ಕೂ ಬುಲೆಟ್ ಕ್ಯಾಮೆರಾ, 4 ಮೆಗಾಪಿಕ್ಸೆಲ್. ಒಂದೇ ಲ್ಯಾನ್ ಕೇಬಲ್‌ನಲ್ಲಿ ಕರೆಂಟೂ ಚಿತ್ರವೂ ಹೋಗುವ ಪಿಒಇ ಮಾದರಿ. 2022ರ ನವೆಂಬರ್‌ನಲ್ಲಿ ಹಾಕಿಸಿದ್ದು. ಡಬ್ಬದ ಮೇಲೆ ಐಪಿ 67 ಅಂತ ಇದೆ. ಅಂದರೆ ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ತಡೆಯುತ್ತದೆ. ಹಾಗಿದ್ದ ಮೇಲೆ ಮಳೆಗೆ ಯಾಕೆ ಸತ್ತಿತು?

ಏಣಿ ಹಾಕಿ ಹತ್ತಿದೆ. ಕ್ಯಾಮೆರಾ ಹಿಂದಿನಿಂದ ಒಂದು ಅಡಿ ಉದ್ದದ ಬಾಲ ಬರುತ್ತದೆ, ಅದರ ತುದಿಯಲ್ಲಿ ಲ್ಯಾನ್ ಕೇಬಲ್ ಸೇರಿಸುವ ಜಾಕ್. ಆ ಜೋಡಣೆಗೆ ಕರಿ ಇನ್ಸುಲೇಷನ್ ಟೇಪ್ ಸುತ್ತಿ, ಗೋಡೆಗೆ ಜೋತುಬಿಟ್ಟಿದ್ದರು ಅಷ್ಟೇ. ಬ್ಲೇಡಿನಿಂದ ಟೇಪ್ ಸೀಳಿದೆ. ಒಂದು ಚಮಚದಷ್ಟು ಕಂದು ನೀರು ಕೈ ಮೇಲೆ ಸುರಿಯಿತು. ಟೇಪ್ ನೀರನ್ನು ತಡೆದಿರಲಿಲ್ಲ, ಒಳಗೆ ಹಿಡಿದಿಟ್ಟುಕೊಂಡಿತ್ತು.

ಪ್ಲಗ್ ಕಿತ್ತು ಬೆಳಕಿಗೆ ಹಿಡಿದೆ. ಎಂಟು ಪಿನ್ನಿನಲ್ಲಿ 1, 2, 3, 6 ಬರೀ ಮಂಕಾಗಿದ್ದವು. 7, 8ರ ಮೇಲೆ ಸ್ವಲ್ಪ ಕಪ್ಪು. 4 ಮತ್ತು 5 ಮಾತ್ರ ಪೂರಾ ಹಸಿರು. ಉಗುರಿನಿಂದ ಕೆರೆದರೆ ಹಸಿರು ಪುಡಿ ಉದುರಿತು, ಕೆಳಗೆ ಪಿನ್ನೇ ಉಳಿದಿರಲಿಲ್ಲ. ಕ್ಯಾಮೆರಾ ಕೇಬಲ್ಲುಗಳೆಲ್ಲ ಬಂದು ಸೇರುವ, ಅವಕ್ಕೆ ಕರೆಂಟ್ ಕೊಡುವ ಸ್ವಿಚ್‌ನ ಜೊತೆ ಬಂದ ಕಾಗದ ತೆಗೆದು ನೋಡಿದೆ. ನಮ್ಮದರಲ್ಲಿ ಕರೆಂಟ್ ಹೋಗುವುದು ನೀಲಿ ಮತ್ತು ಕಂದು ಜೋಡಿಯಲ್ಲಿ. 4, 5 ಪ್ಲಸ್. 7, 8 ಮೈನಸ್. 48 ವೋಲ್ಟ್ ಡಿಸಿ. ಉಪ್ಪು ನೀರಿನಲ್ಲಿ ಡಿಸಿ ಕರೆಂಟ್ ನಿಂತರೆ ಪ್ಲಸ್ ಕಡೆಯ ಲೋಹವೇ ಮೊದಲು ಕರಗುತ್ತದೆ. ಕ್ಯಾಮೆರಾ ಗಟ್ಟಿಯಾಗೇ ಇತ್ತು. ಸತ್ತಿದ್ದು ಅದರ ಬಾಲ.

ಜೂನ್ 16: ಮೊದಲ ರಿಪೇರಿ, ಎಲ್ಲ ತಪ್ಪು

ಆ ದಿನ ನಾನು ಮಾಡಿದ್ದನ್ನು ಒಂದೊಂದಾಗಿ ಬರೆಯುತ್ತೇನೆ, ಯಾಕಂದರೆ ಇದನ್ನೇ ಎಲ್ಲರೂ ಮಾಡುತ್ತಾರೆ.

ಜಾಕ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್ ಬ್ರಷ್‌ನಿಂದ ಉಜ್ಜಿದೆ. ಲ್ಯಾನ್ ಕೇಬಲ್‌ಗೆ ಹೊಸ ಪ್ಲಗ್ ಕ್ರಿಂಪ್ ಮಾಡಿದೆ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಿದೆ. ಕ್ಯಾಮೆರಾ ಹತ್ತಿತು. ಖುಷಿಯಾಗಿ ಪೇಟೆಗೆ ಹೋಗಿ 110 ರೂಪಾಯಿಯ ಒಂದು ಪ್ಲಾಸ್ಟಿಕ್ ಬಾಕ್ಸ್, 180ರ ಒಂದು ಸಿಲಿಕೋನ್ ಟ್ಯೂಬ್ ತಂದೆ. ಜೋಡಣೆಯನ್ನು ಬಾಕ್ಸ್ ಒಳಗೆ ಇಟ್ಟು, ಸುತ್ತಲೂ, ಕೇಬಲ್ ಒಳಗೆ ಬರುವ ತೂತಿಗೂ, ಕೆಳಗೂ ಮೇಲೂ ಸಿಲಿಕೋನ್ ತುಂಬಿದೆ. ಗಾಳಿ ಕೂಡ ಹೋಗಬಾರದು ಅನ್ನುವ ಹಟ ನನ್ನದು. ಪ್ಲಗ್ ಸುತ್ತಲೂ ಒಂದಿಷ್ಟು ಬಳಿದೆ.

ಹಿತ್ತಲಿನ ಕ್ಯಾಮೆರಾದ ಒಳಗೇ ಮಂಜು ಹಿಡಿದಿತ್ತು. ಮುಂದಿನ ಉಂಗುರ ಬಿಚ್ಚಿದೆ. ರಬ್ಬರ್ ರಿಂಗ್ ಚಪ್ಪಟೆಯಾಗಿತ್ತು. ಗಾಜು ಒರೆಸಿ, ವರಾಂಡದಲ್ಲಿ ಕೂತು ಹಾಗೇ ಮುಚ್ಚಿದೆ. ಹೊರಗೆ ಮಳೆ ಸುರಿಯುತ್ತಿತ್ತು. ಆ ತೇವದ ಗಾಳಿಯನ್ನೇ ಒಳಗೆ ತುಂಬಿ ಬೀಗ ಹಾಕಿದ ಹಾಗಾಯಿತು ಅನ್ನುವುದು ಆಗ ಹೊಳೆಯಲಿಲ್ಲ. ಮೂರು ದಿನಕ್ಕೆ ಮತ್ತೆ ಮಂಜು.

ಇನ್ನೊಂದು ತಪ್ಪು: ನಾಲ್ಕೂ ಕ್ಯಾಮೆರಾದ ಗಾಜನ್ನು ಒಣ ಬಟ್ಟೆಯಿಂದ ತಿಕ್ಕಿ ಒರೆಸಿದೆ. ಗಾಜಿನ ಮೇಲಿದ್ದದ್ದು ಉಪ್ಪಿನ ಹರಳು. ವರಾಂಡದ ಕ್ಯಾಮೆರಾ ಮೇಲೆ ಕೂದಲಿನಂಥ ಗೆರೆಗಳು ಬಿದ್ದವು. ಹಗಲು ಕಾಣುವುದಿಲ್ಲ. ರಾತ್ರಿ ಇನ್‌ಫ್ರಾರೆಡ್ ಹತ್ತಿದಾಗ ಬೀದಿ ದೀಪದ ಸುತ್ತ ಆ ಗೆರೆಗಳೆಲ್ಲ ಹೊಳೆಯುತ್ತವೆ. ಅದಕ್ಕೆ ಇವತ್ತಿಗೂ ಪರಿಹಾರ ಇಲ್ಲ. ಮೊದಲು ಮಗ್ಗಿನಲ್ಲಿ ಸಿಹಿನೀರು ಸುರಿಯಬೇಕು, ಉಪ್ಪು ಕರಗಬೇಕು, ಆಮೇಲೆ ಮೆತ್ತನೆ ಬಟ್ಟೆ ಒತ್ತಿ ನೀರು ಹೀರಿಸಬೇಕು.

ಜುಲೈ 7: ಮತ್ತೆ ಕಪ್ಪು

ಎರಡು ದಿನ ಬಿಡದೆ ಮಳೆ. ಭಾನುವಾರ ಬೆಳಿಗ್ಗೆ ಗೇಟಿನದು ಮತ್ತೆ ಹೋಯಿತು. ಬಾಕ್ಸ್ ಮುಚ್ಚಳ ಕಿತ್ತಾಗ ಒಳಗೆ ಒಂದು ಬೆರಳು ದಪ್ಪ ನೀರು ನಿಂತಿತ್ತು. ನಾಲ್ಕೂ ಕಡೆ ಮುಚ್ಚಿದ ಬಾಕ್ಸಿಗೆ ನೀರು ಎಲ್ಲಿಂದ ಬಂತು ಅನ್ನುವುದು ಅರ್ಥವಾಗಲು ಅರ್ಧ ದಿನ ಹಿಡಿಯಿತು.

ಸುಮ್ನೆ ಕೇಬಲ್ ಕತ್ತರಿಸಿದೆ. ಕತ್ತರಿಸಿದ ಬಾಯಿಂದ ಒಂದು ಹನಿ ಇಳಿಯಿತು. ಒಂದು ನಿಮಿಷ ಬಿಟ್ಟು ಇನ್ನೊಂದು. ನೀರು ಕೇಬಲ್ಲಿನ *ಒಳಗಿಂದ* ಬರುತ್ತಿತ್ತು!

ಕೇಬಲ್ ಹಿಡಿದುಕೊಂಡು ಟೆರೇಸಿಗೆ ಹೋದೆ. ಪ್ಯಾರಾಪೆಟ್ ದಾಟಿ ಬಾಗುವ ಜಾಗದಲ್ಲಿ ಬೂದು ಬಣ್ಣದ ಮೇಲ್ಪದರ ಬಿಸಿಲಿಗೆ ಒಡೆದು, ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕುಬಿಟ್ಟಿತ್ತು. ಮನೆಯೊಳಗೆ ಎಳೆಯುವ ಪಿವಿಸಿ ಕೇಬಲ್ ಅದು. ಎರಡು ಬೇಸಿಗೆಗೆ ಮುಗಿದಿತ್ತು. ಬಿರುಕಿನಲ್ಲಿ ಇಳಿದ ನೀರು ಪೈಪಿನಲ್ಲಿ ಹರಿದ ಹಾಗೆ ಕೆಳಗಿನ ಬಾಕ್ಸಿಗೆ ಬಂದು ಬೀಳುತ್ತಿತ್ತು. ಕೆಳಗೆ ನಾನೇ ಸಿಲಿಕೋನ್ ತುಂಬಿ ಹೊರಹೋಗುವ ದಾರಿ ಮುಚ್ಚಿದ್ದೆ.

ತಂತಿಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ಒದ್ದೆಯಾದ ಕಡೆಯೆಲ್ಲ ಬಿಳಿ ಪುಡಿ. ಪಿಒಇಗೆ ಈ ಕೇಬಲ್ ಬಳಸಲೇಬಾರದು. ಕೊಂಡ ದಿನ ಒಂದು ಇಂಚು ಕೆರೆದು ನೋಡಿದ್ದರೆ ಸಾಕಿತ್ತು.

ಇನ್ನು ಪ್ಲಗ್. ಹೊಸ ಪ್ಲಗ್ ಹಾಕಿ ಮೂರೇ ವಾರ. ಈ ಸಲ ಕರೆಂಟ್ ಇಲ್ಲದ ಪಿನ್ನುಗಳೂ ಹಸಿರಾಗಿದ್ದವು. ಸಿಲಿಕೋನ್ ಟ್ಯೂಬ್ ತಂದು ಮೂಗಿಗೆ ಹಿಡಿದೆ. ವಿನೆಗರ್ ವಾಸನೆ. ಕಿಟಕಿ ಗಾಜಿಗೆ ಬಳಸುವ ಅಸಿಟಿಕ್ ಸಿಲಿಕೋನ್ ಅದು. ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲ ತಾಮ್ರವನ್ನು ತಿನ್ನುತ್ತದೆ. ಮುಚ್ಚಿದ ಬಾಕ್ಸಿನಲ್ಲಿ ಅದಕ್ಕೆ ಹೊರಹೋಗಲು ಜಾಗ ಇರಲಿಲ್ಲ. ಕರೆಂಟ್ ಜೋಡಣೆಯ ಹತ್ತಿರ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವ ಟ್ಯೂಬ್ ಮಾತ್ರ ಬಳಸಬೇಕು. ಎರಡಕ್ಕೂ ಹೊರಗಿಂದ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅಂಗಡಿಯಲ್ಲೇ ಲೇಬಲ್ ಓದಿ.

ಜುಲೈ 13–14: ಎಲ್ಲ ಬಿಚ್ಚಿ ಹೊಸದಾಗಿ

ಶನಿವಾರ ರಜೆ ಹಾಕಿದೆ. ನಾಲ್ಕೂ ಕ್ಯಾಮೆರಾ ಇಳಿಸಿದೆ. ಈ ಸಲ ಲೆಕ್ಕ ಬೇರೆ: ನೀರು ಬಂದೇ ಬರುತ್ತದೆ ಅಂತ ಇಟ್ಟುಕೊಂಡು, ಬಂದ ನೀರಿಗೆ ಹೋಗುವ ದಾರಿ ಕೊಡುವುದು.

ಮೊದಲು ಗೋಡೆ. ನಮ್ಮದು ಚಿರೆಕಲ್ಲಿನ ಗೋಡೆ, ಮೇಲೆ ತೆಳು ಗಾರೆ. ಹಳೇ ಸ್ಕ್ರೂಗಳು ತುಕ್ಕು ಹಿಡಿದು ಊದಿ, ತಲೆ ತುಂಡಾಗಿ ಬಂದವು. ಸ್ಕ್ರೂ ಹಿಡಿಯುವ 8 ಮಿ.ಮೀ. ಗೋಡೆ ಪ್ಲಗ್ ಹಾಕಿ ಹೊಸ ಸ್ಕ್ರೂ ತಿರುಗಿಸಿದರೆ ಪ್ಲಗ್ಗೇ ಗಿರಗಿರ ಸುತ್ತುತ್ತಿತ್ತು. ತೂತು ನೋಡಿದರೆ ಡ್ರಿಲ್ಲಿನ ಬಡಿಯುವ ಹ್ಯಾಮರ್ ಮೋಡಿನಲ್ಲಿ ಕೊರೆದು ಒಳಗೆಲ್ಲ ಪುಡಿಯಾಗಿತ್ತು. ಚಿರೆಕಲ್ಲು ಮೆತ್ತಗಿನದು, ನಡುನಡುವೆ ಗೂಡು ಬೇರೆ. ಹ್ಯಾಮರ್ ಆಫ್ ಮಾಡಿ, ಎರಡು ಇಂಚು ಪಕ್ಕಕ್ಕೆ ಸರಿದು, ನಿಧಾನವಾಗಿ 10 ಮಿ.ಮೀ. ಬಿಟ್‌ನಿಂದ ಕೊರೆದೆ. ಸೈಕಲ್ ಪಂಪಿನಿಂದ ಪುಡಿ ಊದಿ ತೆಗೆದು, 75 ಮಿ.ಮೀ. ಉದ್ದದ ಪ್ಲಗ್ ಹಾಕಿದೆ. ಜೋತುಬಿದ್ದು ಎಳೆದರೂ ಅಲ್ಲಾಡಲಿಲ್ಲ.

ಸ್ಕ್ರೂ, ಬೋಲ್ಟ್ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್. ವಾಸ್ಕೋದಲ್ಲಿ 304 ಸುಲಭವಾಗಿ ಸಿಗುತ್ತದೆ, ಅರ್ಧ ಬೆಲೆಗೆ. ಆದರೆ ನಮ್ಮ ಬಾಲ್ಕನಿ ಕಂಬಿಯದು 304. ಅದರ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ ವರ್ಷದಲ್ಲೇ ಬಂದಿತ್ತು. 316ರಲ್ಲಿ ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ತಡೆಯುತ್ತದೆ. ಮಡಗಾಂವಿಗೆ ಹೋಗಿ ತಂದೆ. ಕ್ಯಾಮೆರಾ ಮೈ ಅಲ್ಯೂಮಿನಿಯಂ, ಬೋಲ್ಟು ಸ್ಟೀಲು. ಎರಡೂ ನೇರ ತಾಗಿದರೆ ಉಪ್ಪು ನೀರಿನಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಹಾಕಿದೆ.

ಬಾಕ್ಸ್ ಐದು ಇಂಚು ಚದರದ್ದು, ರಬ್ಬರ್ ಪಟ್ಟಿ ಇರುವ ಮುಚ್ಚಳ. ಮುಚ್ಚಳದ ನಡುವೆ 25 ಮಿ.ಮೀ. ಹೋಲ್ ಸಾದಿಂದ (ದುಂಡಗೆ ಕೊರೆಯುವ ಗರಗಸ) ತೂತು. ಕ್ಯಾಮೆರಾ ತಳವನ್ನು ಆ ತೂತಿನ ಮೇಲೇ ಕೂರಿಸಿ ಬೋಲ್ಟ್ ಮಾಡಿದೆ, ಕೆಳಗೆ ಫೋಮ್ ಹಾಳೆಯ ಗ್ಯಾಸ್ಕೆಟ್. ಹೀಗೆ ಮಾಡಿದರೆ ಬಾಲ ಹೊರಗೆ ಕಾಣುವುದೇ ಇಲ್ಲ, ಜಾಕ್ ಸಮೇತ ಬಾಕ್ಸಿನೊಳಗೆ. ಕೇಬಲ್‌ಗೆ ತಳದಲ್ಲಿ ಒಂದು ಪಿಜಿ 9 ಗ್ಲ್ಯಾಂಡ್, ಅಂದರೆ ಕೇಬಲ್ ಸುತ್ತ ಬಿಗಿಯಾಗಿ ಹಿಡಿಯುವ ತಿರುಪಿನ ಬಾಯಿ. ಮೊದಲನೇ ಬಾಕ್ಸಿಗೆ ಪ್ಲಗ್ ಕ್ರಿಂಪ್ ಮಾಡಿಟ್ಟು ಆಮೇಲೆ ಗ್ಲ್ಯಾಂಡಿಗೆ ತೂರಿಸಲು ಹೋದೆ. ಪ್ಲಗ್ ಹಿಡಿಸಲಿಲ್ಲ, ಕತ್ತರಿಸಬೇಕಾಯಿತು. ಗ್ಲ್ಯಾಂಡಿನಲ್ಲಿ ಕೇಬಲ್ ತೂರಿಸಿದ ಮೇಲೇ ಕ್ರಿಂಪ್ ಮಾಡಿ.

ಗ್ಲ್ಯಾಂಡ್ ಪಕ್ಕದಲ್ಲಿ, ಬಾಕ್ಸಿನ ಅತಿ ತಗ್ಗಿನ ಮೂಲೆಯಲ್ಲಿ 4 ಮಿ.ಮೀ. ತೂತು ಒಂದು. ಇದು ನೀರು ಇಳಿಯಲು, ಗಾಳಿ ಆಡಲು. ಬಾಕ್ಸ್ ಹಗಲು ಬಿಸಿಯಾಗಿ ರಾತ್ರಿ ತಣ್ಣಗಾಗುವಾಗ ಒಳಗೆ ಬೆವರುತ್ತದೆ. ಆ ಬೆವರೂ ಇಲ್ಲಿಂದಲೇ ಹೋಗಬೇಕು. ಒಳಗಿನಿಂದ ಸ್ಟೀಲ್ ಜಾಲರಿಯ ಚೂರು ಅಂಟಿಸಿದೆ, ಇರುವೆ ಬರಬಾರದು ಅಂತ. ವರಾಂಡದ ಬಾಕ್ಸಿಗೆ ಜಾಲರಿ ಮರೆತೆ. ಎಂಟು ದಿನದಲ್ಲಿ ಒಳಗೆ ಕೆಂಪಿರುವೆ ಗೂಡು, ಬಿಳಿ ಮೊಟ್ಟೆ ಸಮೇತ. ಮತ್ತೆ ಬಿಚ್ಚಿ ಹಾಕಿದೆ.

ಬಾಕ್ಸ್ ಗೋಡೆಗೆ ತಾಗುವ ಅಂಚಿಗೆ ನ್ಯೂಟ್ರಲ್ ಸಿಲಿಕೋನ್: ಮೇಲೆ ಒಂದು ಗೆರೆ, ಎರಡು ಪಕ್ಕ ಒಂದೊಂದು ಗೆರೆ. ಕೆಳಗೆ ಬಳಿಯಲಿಲ್ಲ. ಗೋಡೆ ಹಿಂದಿನಿಂದ ಬಂದ ನೀರು ಅಲ್ಲಿಂದ ಇಳಿದು ಹೋಗುತ್ತದೆ.

ಕೇಬಲ್ ಪೂರ್ತಿ ಹೊಸದು. ಶುದ್ಧ ತಾಮ್ರ, ಬಿಸಿಲು ತಡೆಯುವ ಕಪ್ಪು ಪಾಲಿಥಿನ್ ಮೇಲ್ಪದರ, 60 ಮೀಟರ್. ಬಾಕ್ಸಿಗೆ ಬರುವ ಮುಂಚೆ ಕೇಬಲ್ ಬಾಕ್ಸಿಗಿಂತ ಆರು ಇಂಚು ಕೆಳಗೆ ಇಳಿದು, ಯು ಆಕಾರದಲ್ಲಿ ಬಾಗಿ ಮೇಲೆ ಹತ್ತುತ್ತದೆ. ಕೇಬಲ್ ಮೇಲೆ ಹರಿದು ಬಂದ ನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮಳೆಯಲ್ಲಿ ನಿಂತು ನೋಡಿದೆ. ಪ್ರತಿ ಬಾಗಿನ ಕೆಳಗೆ ಹನಿ ಸಾಲು, ಗ್ಲ್ಯಾಂಡ್ ಒಣ. ಇಡೀ ಕೆಲಸದಲ್ಲಿ ಒಂದು ಪೈಸೆ ಖರ್ಚಿಲ್ಲದ ಭಾಗ ಇದು, ಅತಿ ಮುಖ್ಯದ್ದೂ ಇದೇ.

ಜೋಡಣೆ: ಪ್ಲಗ್ ಪಿನ್ನುಗಳ ಮೇಲೆ ಕರೆಂಟ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್ ಬೆಂಕಿಕಡ್ಡಿ ತುದಿಯಷ್ಟು. ಸೇರಿಸಿದ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್. ಇದನ್ನು ಸುಮ್ಮನೆ ಸುತ್ತಿದರೆ ಪ್ರಯೋಜನವಿಲ್ಲ. ಅಗಲ ಅರ್ಧಕ್ಕೆ ಇಳಿಯುವಷ್ಟು ಎಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಸುತ್ತಬೇಕು. ಸ್ವಲ್ಪ ಹೊತ್ತಿಗೆ ಪದರಗಳು ಸೇರಿ ಒಂದೇ ರಬ್ಬರ್ ಮುದ್ದೆಯಾಗುತ್ತದೆ.

ಗೇಟಿನ ಕ್ಯಾಮೆರಾದ ಜಾಕ್ ಸತ್ತಿತ್ತಲ್ಲ, ಅದಕ್ಕೆ 120 ರೂಪಾಯಿಯ ಬಿಡಿ ಬಾಲ ತಂದೆ. ಬಣ್ಣ ನೋಡಿ ಬಣ್ಣಕ್ಕೆ ಸೇರಿಸಿದೆ, ಹತ್ತಲಿಲ್ಲ. ಎರಡರ ಬಣ್ಣದ ಕ್ರಮವೂ ಬೇರೆ ಬೇರೆ, ಲ್ಯಾನ್ ಕೇಬಲ್ಲಿನ ಕ್ರಮದ ಹಾಗೂ ಇಲ್ಲ. 48 ವೋಲ್ಟ್ ತಪ್ಪು ತಂತಿಗೆ ಹೋಗಿ ಕ್ಯಾಮೆರಾ ಸುಟ್ಟಿರಬಹುದು ಅಂತ ಎದೆ ಹೊಡೆದುಕೊಂಡಿತು. ಸುಟ್ಟಿರಲಿಲ್ಲ. ಕತ್ತರಿಸಿದ ಹಳೇ ಜಾಕ್‌ನ ತಂತಿಗಳಿಗೂ ಪಿನ್ನಿಗೂ ಮಲ್ಟಿಮೀಟರ್ ಇಟ್ಟು, ಬೀಪ್ ಬಂದದ್ದನ್ನು ಕಾಗದದಲ್ಲಿ ಬರೆದುಕೊಂಡು, ಹೊಸ ಬಾಲಕ್ಕೂ ಹಾಗೇ ಮಾಡಿ, ಎಂಟು ಬೆಸುಗೆ ಹಾಕಿದೆ. ಬೆಸುಗೆಗಳನ್ನು ಒಂದೇ ಸಾಲಿನಲ್ಲಿ ಇಡದೆ ಮೆಟ್ಟಿಲಿನ ಹಾಗೆ ಹಿಂದೆ ಮುಂದೆ ಇಟ್ಟು, ಒಂದೊಂದಕ್ಕೂ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ. ಎರಡೂವರೆ ಗಂಟೆ. ಕ್ಯಾಮೆರಾ ಉಳಿಯಿತು.

ಹಿತ್ತಲಿನದು ಉಳಿಯಲಿಲ್ಲ. ಬೋರ್ಡಿನ ಮೇಲೇ ಹಸಿರು ಹಬ್ಬಿತ್ತು. ಹೊಸದು 2,650 ರೂಪಾಯಿ. ಅದರ ರಬ್ಬರ್ ರಿಂಗ್‌ಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಒಳಗೆ ನೀಲಿ ಸಿಲಿಕಾ ಜೆಲ್‌ನ ಚಿಕ್ಕ ಪೊಟ್ಟಣ ಇಟ್ಟೆ. ಎಸಿ ಒಂದು ಗಂಟೆ ಓಡಿಸಿದ ಮಲಗುವ ಕೋಣೆಯಲ್ಲಿ ಕೂತು ಮುಚ್ಚಿದೆ.

ಜುಲೈ 21: ಕೊಡೆ

110 ಮಿ.ಮೀ. ಪಿವಿಸಿ ಪೈಪಿನ ತುಂಡು ಪಕ್ಕದ ಮನೆ ಕಟ್ಟುವಲ್ಲಿ ಉಳಿದಿತ್ತು, ಕೇಳಿ ತಂದೆ. ಉದ್ದಕ್ಕೆ ಸೀಳಿ, ಅರ್ಧ ಚಂದ್ರದ ಮಾಡಿನ ಹಾಗೆ ಕ್ಯಾಮೆರಾ ಮೇಲೆ. ಗೋಡೆ ಕಡೆಯ 40 ಮಿ.ಮೀ. ಅನ್ನು ಹೀಟ್ ಗನ್‌ನಿಂದ ಮೆತ್ತಗೆ ಮಾಡಿ ಚಪ್ಪಟೆ ಒತ್ತಿ, ಎರಡು ಸ್ಕ್ರೂ. ಗಾಜಿಗಿಂತ 60 ಮಿ.ಮೀ. ಮುಂದೆ ಬರುವಂತೆ ಬಿಟ್ಟೆ. ಜಾಸ್ತಿ ಮುಂದೆ ಇದ್ದರೆ ಜಾಸ್ತಿ ರಕ್ಷಣೆ ಅಲ್ವಾ ಅನ್ನುವುದು ನನ್ನ ಲೆಕ್ಕ.

ರಾತ್ರಿ ನೋಡಿದರೆ ನಾಲ್ಕೂ ಚಿತ್ರ ಹಾಲು ಚೆಲ್ಲಿದ ಹಾಗೆ. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಬಿಳಿ ಪೈಪಿನ ಒಳಮೈಗೆ ಬಡಿದು ವಾಪಸ್ ಗಾಜಿಗೇ ಬರುತ್ತಿತ್ತು. ಮರುದಿನ ಕೊಡೆಯನ್ನು 15 ಮಿ.ಮೀ. ಮಾತ್ರ ಮುಂದೆ ಉಳಿಯುವಂತೆ ಕತ್ತರಿಸಿ, ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದೆ. ಸರಿಯಾಯಿತು. ಹೊರಮೈ ಬಿಳಿಯೇ ಇರಲಿ, ಬೇಸಿಗೆಯಲ್ಲಿ ಬಿಸಿ ಕಡಿಮೆ.

ಆಗಸ್ಟ್ 11: ಸಿಡಿಲು

ನಾಗರ ಪಂಚಮಿ ಮುಗಿದು, ದಾಮೋದರ ಸಪ್ತಾಹದ ಜಾತ್ರೆಯಲ್ಲಿ ವಾಸ್ಕೋ ತುಂಬಿದ್ದ ವಾರ. ಆ ಭಾನುವಾರ ಗೇಟು ಮತ್ತು ಬಾವಿಯ ಉದ್ದದ ಕೇಬಲ್‌ಗಳಿಗೆ ಸ್ವಿಚ್ ಕಡೆ ಒಂದೊಂದು ಸರ್ಜ್ ಪ್ರೊಟೆಕ್ಟರ್ (ತಂತಿಯಲ್ಲಿ ಏಕಾಏಕಿ ನುಗ್ಗುವ ವೋಲ್ಟೇಜನ್ನು ಅರ್ಥಿಂಗ್‌ಗೆ ತಿರುಗಿಸುವ ಡಬ್ಬಿ) ಹಾಕಿದೆ, ತಲಾ 650. ಅದರ ಹಸಿರು ತಂತಿ ಅರ್ಥಿಂಗ್‌ಗೆ ಸೇರದಿದ್ದರೆ ಅದು ಸುಮ್ಮನೆ ಒಂದು ಡಬ್ಬಿ. ನೇರ ಸಿಡಿಲು ಬಿದ್ದರೆ ಯಾವುದೂ ತಡೆಯುವುದಿಲ್ಲ. ಹತ್ತಿರ ಬಿದ್ದದ್ದಕ್ಕೆ ಇದು.

ಸೆಪ್ಟೆಂಬರ್ 6–11: ಚೌತಿ

ಚೌತಿಗೆ ಎಲ್ಲರೂ ಊರಿಗೆ, ಅಂಕೋಲಾಕ್ಕೆ. ಅಮ್ಮನೂ ಬಂದರು. ಮನೆ ಐದು ದಿನ ಖಾಲಿ. ಗಣಪತಿ ಮುಂದೆ ಕೂತು ಪಂಚಕಜ್ಜಾಯ ತಿನ್ನುತ್ತಾ ಫೋನ್ ತೆಗೆದರೆ ನಾಲ್ಕು ಚೌಕದಲ್ಲೂ ವಾಸ್ಕೋ ಮಳೆ. ಗೇಟಿನ ಕಟ್ಟೆ ಖಾಲಿ, ಅದರ ಮೇಲೆ ಪಕ್ಕದ ಮನೆ ಬೆಕ್ಕು. ಅಮ್ಮನಿಗೆ ತೋರಿಸಿದೆ. ತಮ್ಮ ಜಾಗ ನೋಡಿ, ತುಳಸಿಗೆ ಯಾರೂ ನೀರು ಹಾಕಿಲ್ಲ ಅಂದರು. ಆ ಮಳೆಯಲ್ಲಿ ತುಳಸಿಗೆ ನೀರಿನ ಚಿಂತೆ ಇರಲಿಲ್ಲ, ಆದರೆ ಗಿಡ ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಒಂದು ತೊಂದರೆ ಮಾತ್ರ ಬಂತು. ಮೂರನೇ ರಾತ್ರಿ ಸ್ಕೂಟರ್ ಶೆಡ್ಡಿನ ಚಿತ್ರದಲ್ಲಿ ದಪ್ಪ ಬಿಳಿ ಹಗ್ಗ ಅಲ್ಲಾಡತೊಡಗಿತು. ಜೇಡರ ಬಲೆ. ಕೊಡೆ ಕೆಳಗೆ ಮಳೆ ಬೀಳದ ಬೆಚ್ಚಗಿನ ಜಾಗ ನಾನೇ ಮಾಡಿಕೊಟ್ಟಿದ್ದೆ. ಅಲುಗಾಟಕ್ಕೆ ಫೋನಿಗೆ ಒಂದೇ ರಾತ್ರಿ ನಲವತ್ತು ಅಲರ್ಟ್. ಈಗ ಪ್ರತಿ ಭಾನುವಾರ ಉದ್ದ ಕೋಲಿಗೆ ಪೇಂಟ್ ಬ್ರಷ್ ಕಟ್ಟಿ ಒಮ್ಮೆ ಆಡಿಸುತ್ತೇನೆ.

ಅಕ್ಟೋಬರ್ 20: ಬಿಚ್ಚಿ ನೋಡಿದ್ದು

ನಾಲ್ಕೂ ಮುಚ್ಚಳ ತೆಗೆದೆ. ಗೇಟಿನ ಬಾಕ್ಸಿನ ತಳದಲ್ಲಿ ನೀರು ಹರಿದು ಒಣಗಿದ ಗೆರೆ ಇತ್ತು, 4 ಮಿ.ಮೀ. ತೂತಿನವರೆಗೆ. ನೀರು ಬಂದಿದೆ, ಹೋಗಿದೆ. ರಬ್ಬರ್ ಟೇಪ್ ಕೊಯ್ದು ಪ್ಲಗ್ ತೆಗೆದೆ. 4, 5ನೇ ಪಿನ್ ಹೊಸ ಚಿನ್ನದ ಬಣ್ಣದಲ್ಲೇ ಇದ್ದವು, ಮೇಲೆ ಗ್ರೀಸಿನ ತೆಳು ಪದರ. ಹೊಸ ಕ್ಯಾಮೆರಾದ ಗಾಜಿನಲ್ಲಿ ಮಂಜು ಇಲ್ಲ. ಬಾವಿ ಕಡೆ ಒಂದು ಬೋಲ್ಟ್ ಮಾತ್ರ ಕಂದಾಗಿತ್ತು. ಡ್ರಾಯರಿನಲ್ಲಿದ್ದ ಹಳೇ 304 ಅದರಲ್ಲಿ ಸೇರಿಕೊಂಡಿತ್ತು. ಬದಲಾಯಿಸಿದೆ.

ಖರ್ಚು: ಬಾಕ್ಸ್ ನಾಲ್ಕು 560, ಗ್ಲ್ಯಾಂಡ್ ಆರು 90, ಕೇಬಲ್ 2,280, ಪ್ಲಗ್ 150, ರಬ್ಬರ್ ಟೇಪ್ 280, ನ್ಯೂಟ್ರಲ್ ಸಿಲಿಕೋನ್ 320, ಗ್ರೀಸ್ 350, ಸ್ಕ್ರೂ ಬೋಲ್ಟ್ ನಲವತ್ತು 480, ಆಲ್ಕೋಹಾಲ್ 260, ಸಿಲಿಕಾ ಜೆಲ್ 90, ಬಿಡಿ ಬಾಲ 120, ಸರ್ಜ್ ಪ್ರೊಟೆಕ್ಟರ್ 1,300. ಒಟ್ಟು 6,280. ಹೊಸ ಕ್ಯಾಮೆರಾ ಸೇರಿ 8,930. ಜೂನ್‌ನಲ್ಲಿ ದಂಡ ಮಾಡಿದ 290 ಇದರಲ್ಲಿ ಸೇರಿಲ್ಲ.

ಗ್ಲ್ಯಾಂಡ್ ಆರರಲ್ಲಿ ಎರಡು ಉಳಿದಿವೆ. ಕೆಳಗಿನ ಬೀದಿಯ ಗದಗದ ಮನೆಯವರು ಎರಡು ಕ್ಯಾಮೆರಾ ಹಾಕಿಸಿದ್ದಾರೆ, ಕರಿ ಟೇಪ್ ಸುತ್ತಿ ಜೋತುಬಿಟ್ಟಿದ್ದನ್ನು ನಿನ್ನೆ ನೋಡಿ ಬಂದೆ. ಬರುವ ಭಾನುವಾರ ಡ್ರಿಲ್ ತಗೊಂಡು ಅಲ್ಲಿಗೆ.